ಕುಕ್ಕರಿನ ಎಸ್ಪ್ರೆಸೊ

ನಮ್ಮ ಮನೆಯಲ್ಲಿ ಕಾಫಿಪುಡಿಯ ಡಬ್ಬಿ ಬೀಗದೊಳಗಿರುತ್ತಿತ್ತು. ಶಿಕಾರಿಪುರದ ಪೇಟೆಬೀದಿಯ ಹಿಂದಿನ ಓಣಿಯಲ್ಲಿ, ಎರಡು ಪಕ್ಕದ ಮನೆಗಳ ಜತೆ ಗೋಡೆ ಹಂಚಿಕೊಂಡು ನಿಂತ ಉದ್ದನೆಯ ಮನೆ ಅದು. ಬೀದಿಗೊಂದು ಬಾಗಿಲು, ಹಿತ್ತಲಿಗೊಂದು ಬಾಗಿಲು. ನಡುವಿನ ಕೋಣೆಗಳಿಗೆ ಕಿಟಕಿಯೇ ಇಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ತನ್ನ ಮಂಚವನ್ನು ನಡುಮನೆಯಲ್ಲಿ ಎರಡೂ ಬಾಗಿಲು ಕಾಣುವ ಹಾಗೆ ಹಾಕಿಸಿಕೊಂಡಿದ್ದಳು. ಅಡುಗೆಮನೆಯಿಂದ ಯಾರು ಎಲ್ಲಿಗೆ ಹೊರಟರೂ ಆ ಮಂಚದ ಮುಂದೆಯೇ ಹಾದು ಹೋಗಬೇಕು. ‘ಎಲ್ಲಿಗವ್ವಾ?’ ಎಂದು ಕೇಳುತ್ತಿದ್ದಳು. ಗದರುವ ದನಿಯೇನೂ ಅಲ್ಲ, ಆದರೆ ಉತ್ತರ ಹೇಳದೆ ಮುಂದೆ ಹೆಜ್ಜೆ ಇಡುವಂತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಕಪಾಟು ತೆರೆದು ದಿನದ ಪುಡಿ ಅಳೆದು ಕೊಡುವುದು, ಮತ್ತೆ ಬೀಗ ಹಾಕುವುದು ಅವಳ ಕೆಲಸ. ಮೊದಲ ಡಿಕಾಕ್ಷನ್ ಅಪ್ಪನಿಗೆ ಮತ್ತು ಅಜ್ಜಿಗೆ. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿ ಇಳಿಸಿದ್ದು ಬಂದು ಹೋಗುವವರಿಗೆ. ಮೂರನೇ ನೀರು ಅವ್ವನಿಗೆ. ಅದು ಕಾಫಿಯ ಬಣ್ಣಕ್ಕೂ ಬರುತ್ತಿರಲಿಲ್ಲ. ಅವ್ವ ಅದನ್ನು ಹಿತ್ತಲ ಬಾಗಿಲ ಬಳಿ ನಿಂತು, ಔಷಧಿ ಕುಡಿದ ಹಾಗೆ ಒಂದೇ ಗುಟುಕಿಗೆ ಕುಡಿದುಬಿಡುತ್ತಿದ್ದಳು.

ಅಜ್ಜಿ ಹುಟ್ಟಾ ಕಠಿಣ ಹೆಂಗಸಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಹುಟ್ಟುವ ಮೊದಲು ನಮ್ಮ ದೊಡ್ಡಮ್ಮ, ಹಿರಿಯ ಮಗನ ಹೆಂಡತಿ, ಗೌರಿಹಬ್ಬಕ್ಕೆಂದು ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲವಂತೆ. ಕರೆತರಲು ಹೋದ ದೊಡ್ಡಪ್ಪನೂ ಅಲ್ಲೇ ಮನೆಅಳಿಯನಾಗಿ ಉಳಿದ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದರು ಎಂದೇ ಅಜ್ಜಿ ಆ ಕಥೆ ಹೇಳುತ್ತಿದ್ದಳು. ಅಂದಿನಿಂದ ಅವಳು ಒಂದು ನಿಯಮ ಮಾಡಿಕೊಂಡಳು: ಸೊಸೆ ತವರಿಗೆ ಹೋದರೆ ಕೂಸು ಇಲ್ಲೇ ಇರಬೇಕು. ಆ ಕೂಸು ನಾನು. ಅವ್ವನ ತವರು ಸೊರಬದ ಕಡೆಯ ಉಳವಿ. ವರ್ಷಕ್ಕೊಂದೆರಡು ಸಲ ಬೆಳಗಿನ ಬಸ್ಸಿಗೆ ಹೋಗಿ ಮರುದಿನ ಸಂಜೆಯೊಳಗೆ ಬಂದುಬಿಡುತ್ತಿದ್ದಳು. ಹೋಗುವಾಗ ನನ್ನ ತಲೆ ಬಾಚಿ, ಎರಡು ದಿನಕ್ಕೂ ಬಿಚ್ಚದಂತೆ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು, ನೆತ್ತಿ ನೋಯುತ್ತಿತ್ತು. ಅವಳು ಬರುವ ತನಕ ಅಜ್ಜಿ ನನ್ನನ್ನು ಕಣ್ಣಿಂದ ಮರೆಯಾಗಲು ಬಿಡುತ್ತಿರಲಿಲ್ಲ. ‘ಕೂಸಿದ್ರೆ ತಾಯಿ ಬರ್ತಾಳೆ’ ಎಂದು ಪಕ್ಕದ ಮನೆಯ ಗಂಗಕ್ಕನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ನನ್ನನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದಾಳೆ ಎಂದೇ ಬಹಳ ದಿನ ತಿಳಿದಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆಯುತ್ತಿದ್ದರು. ಊರಿನವರ ಜಮೀನಿನ ಹಕ್ಕುಬದಲಾವಣೆಯೆಲ್ಲ ಅವರ ಕೈಯಲ್ಲಿ ಆಗುತ್ತಿತ್ತು, ಮನೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗುತ್ತಿರಲಿಲ್ಲ. ಎಂಥ ಜಗಳ ಮುಂದಿಟ್ಟರೂ ‘ನೋಡೋಣ’ ಎಂದು ಹೇಳಿ ಕಾಲು ತೊಳೆಯಲು ಹೋಗುತ್ತಿದ್ದರು.

ನನಗೆ ಒಂಬತ್ತು ವರ್ಷವಿದ್ದಾಗ ಅವ್ವನ ತಂಗಿಯ ಮದುವೆ ಬಂತು. ಗಂಡಿನ ಊರು ಹೊಸಬಾಳೆ. ಮದುವೆಯೂ ಅಲ್ಲೇ, ಗದ್ದೆಯ ಅಂಚಿನ ದೊಡ್ಡ ಕಣದಲ್ಲಿ ಚಪ್ಪರ ಹಾಕಿ. ಒಡಹುಟ್ಟಿದವಳ ಮದುವೆಗೆ ಕಳಿಸದೆ ಇರಲು ಆಗದು. ಕೂಸನ್ನು ಬಿಟ್ಟು ಹೋಗೆಂದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಆದ್ದರಿಂದ ಅಜ್ಜಿಯೂ ಹೊರಟಳು. ಅವ್ವ ಮತ್ತು ನಾನು ಒಂದೇ ಬಸ್ಸಿನಲ್ಲಿ ಊರು ದಾಟಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅವ್ವ ಕಿಟಕಿಯ ಪಕ್ಕ, ನಾನು ನಡುವೆ, ಅಜ್ಜಿ ಈಚೆ ತುದಿಯಲ್ಲಿ ಕಾಲು ಅಡ್ಡ ಚಾಚಿಕೊಂಡು ಕೂತಿದ್ದಳು.

ಆ ಚಪ್ಪರದ ಮೂಲೆಯಲ್ಲಿ ಎಲ್ಲರ ಕಣ್ಣು ಸೆಳೆದದ್ದು ಮದುಮಕ್ಕಳಲ್ಲ, ಸಾಗರದಿಂದ ಬಾಡಿಗೆಗೆ ತರಿಸಿದ್ದ ಎಸ್ಪ್ರೆಸೊ ಕಾಫಿ ಮಷೀನು. ನನ್ನೆತ್ತರದ ಸ್ಟೀಲಿನ ಹಂಡೆ, ಕೆಳಗೆ ಭುಸುಗುಡುವ ಸ್ಟೋವು, ಮೇಲೊಂದು ಗಡಿಯಾರದಂಥ ಮುಳ್ಳು, ಪಕ್ಕದಲ್ಲಿ ಸೊಂಡಿಲಿನಂತೆ ಬಾಗಿದ ಕೊಳವೆ. ಅದನ್ನು ನಡೆಸುವವರು ಲೋಟದಲ್ಲಿ ಪುಡಿ, ಸಕ್ಕರೆ, ಒಂದು ಹನಿ ನೀರು ಹಾಕಿ ಚಮಚದಿಂದ ಬಿಳಿಚಿಕೊಳ್ಳುವ ತನಕ ಕಲಸುತ್ತಿದ್ದರು. ಹಾಲಿನ ಜಗ್ಗನ್ನು ಕೊಳವೆಗೆ ಹಿಡಿದು ತಿರುಪು ತಿರುಗಿಸಿದರೆ, ಚಪ್ಪರದ ತುದಿಯಲ್ಲಿ ಕೂತವರೂ ತಿರುಗಿ ನೋಡುವಂಥ ಸದ್ದು. ಹಾಲು ಉಬ್ಬಿ ಉಬ್ಬಿ ಜಗ್ಗಿನ ಬಾಯಿಗೆ ಬರುತ್ತಿತ್ತು. ಅದನ್ನು ಲೋಟಕ್ಕೆ ಸುರಿದು, ನೊರೆಯ ಮೇಲೆ ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ಗಂಡಸರು ಮತ್ತು ಮಕ್ಕಳು. ಹೆಂಗಸರಿಗೆ ಯಾರಾದರೂ ತಂದುಕೊಟ್ಟರೆ ಉಂಟು. ಅಜ್ಜಿ ಒಳಗೆ ಬೀಗರ ಜತೆ ಮಾತಿಗೆ ಕೂತಿದ್ದಾಗ ಅವ್ವ ನನ್ನ ಕೈ ಹಿಡಿದುಕೊಂಡು ನೇರ ಹೋಗಿ ಆ ಸಾಲಿನಲ್ಲಿ ನಿಂತಳು. ಲೋಟ ತೆಗೆದುಕೊಂಡ ಮೇಲೂ ಅಲ್ಲಿಂದ ಕದಲಲಿಲ್ಲ. ಮೇಲುದುಟಿಗೆ ನೊರೆ ಅಂಟಿತ್ತು.

‘ಇದೆಂಥದು ಮಾರಾಯ್ರೆ, ಹಾಲು ಇಷ್ಟೊಂದು ಉಬ್ಬದು ಹೆಂಗೆ?’ ಎಂದು ಕೇಳಿದಳು. ತವರಿನ ಕಡೆಗೆ ಬಂದರೆ ಅವಳ ಮಾತೂ ತವರಿನದಾಗುತ್ತಿತ್ತು.

‘ಹಬೆ ಅಕ್ಕಾ, ಬರೀ ಹಬೆ’ ಎಂದರು ಮಷೀನಿನವರು. ಅವ್ವನ ವಾರಗೆಯವರೇ ಇರಬೇಕು. ‘ಹಂಡೆ ಒಳಗೆ ಅದುಮಿ ಇಟ್ಟಿರ್ತದಲ್ಲ, ಒಂದು ಸಣ್ಣ ತೂತು ಸಿಕ್ಕಿದ್ರೆ ಸಾಕು, ನುಗ್ತದೆ. ಕೊಳವೆ ತುದಿನ ಹಾಲಿನ ಮೇಲ್ಗಡೆನೇ ಹಿಡೀಬೇಕು. ಪೂರಾ ಮುಳುಗ್ಸಿದ್ರೆ ಬಿಸಿಯಾಗ್ತದೆ ಅಷ್ಟೇ, ನೊರೆ ಬರದಿಲ್ಲ. ಹಾಲು ತಣ್ಣಗಿರ್ಬೇಕು.’

‘ಮನೇಲಿ ಮಾಡಕ್ಕಾಗದಿಲ್ವಾ?’

‘ಕುಕ್ಕರ್ ಇದ್ರೆ ಮಾಡ್ಬೌದು. ಆದ್ರೆ ಒಂದು ನೆನಪಿರ್ಲಿ, ಹಾಲಿಗೆ ಹಿಡಿಯೋ ಮೊದ್ಲು ಒಂದ್ಸಲ ಹಬೇನ ಹೊರಗೆ ಊದಿಸ್ಬೇಕು, ಆದ್ಮೇಲೆ ಒಂದ್ಸಲ ಊದಿಸ್ಬೇಕು. ಇಲ್ದಿದ್ರೆ ಕೊಳವೆ ಹಾಲು ಎಳ್ಕಂಡು ಒಳಗೇ ಕಟ್ಟಿಬಿಡ್ತದೆ. ಆಮೇಲೆ ನಿಮ್ಮನೆ ಹಂಚು ಹೊಸಬಾಳೆಗೆ ಬಂದು ಬೀಳ್ತದೆ!’

ಅವ್ವ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕಳು. ಅವಳ ಒಳದವಡೆಯಲ್ಲಿ ಒಂದು ಹಲ್ಲಿಲ್ಲ ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ನಾವು ಕುಡಿದದ್ದು ಎಸ್ಪ್ರೆಸೊ ಅಲ್ಲ ಎಂದು ತಿಳಿದದ್ದು ನನಗೆ ಕೂದಲು ನೆರೆತ ಮೇಲೆ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಜತೆ ಈಗ ಶಿಕಾರಿಪುರದಲ್ಲೇ ಒಂದು ಕಾಫಿ ಅಂಗಡಿ ಇಟ್ಟಿದ್ದಾಳೆ. ಒಂದು ಮಧ್ಯಾಹ್ನ ಕೂರಿಸಿಕೊಂಡು ಎಲ್ಲ ತೋರಿಸಿದಳು. ಕಡುಕಂದು ಬಣ್ಣಕ್ಕೆ ಹುರಿದ ಬೀಜವನ್ನು ಅವಳು ಆಗಿಂದಾಗಲೇ ಬೀಸುತ್ತಾಳೆ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಗಿಂತ ನುಣುಪು, ಮೈದಾಕ್ಕಿಂತ ತರಿ. ಅದನ್ನು ಹಿಡಿಯಿರುವ ಪುಟ್ಟ ಬಟ್ಟಲಿಗೆ ತುಂಬಿ, ಸಮತಟ್ಟಾಗಿ ಗಟ್ಟಿಯಾಗಿ ಒತ್ತಬೇಕು. ಎಲ್ಲಾದರೂ ಸಡಿಲವಿದ್ದರೆ ನೀರು ಅಲ್ಲೇ ದಾರಿ ಮಾಡಿಕೊಂಡು ಓಡಿಹೋಗುತ್ತದೆ. ಕುದಿಯಲು ಇನ್ನೇನು ಸ್ವಲ್ಪವೇ ಬಾಕಿಯಿರುವ ನೀರನ್ನು ನಮ್ಮ ಸುತ್ತಲ ಗಾಳಿಯ ಒತ್ತಡದ ಒಂಬತ್ತು ಪಟ್ಟು ಒತ್ತಡದಲ್ಲಿ ಆ ಪುಡಿಯ ಮೂಲಕ ನೂಕುತ್ತದೆ ಯಂತ್ರ. ಮೊದಲು ನಾಲ್ಕೈದು ಕ್ಷಣ ಏನೂ ಬರುವುದಿಲ್ಲ. ಆಮೇಲೆ ಜೇನಿನ ಹಾಗೆ ಎಳೆಯೆಳೆಯಾಗಿ ಇಳಿಯತೊಡಗುತ್ತದೆ. ಅರ್ಧ ನಿಮಿಷದೊಳಗೆ ಮುಗಿಯಿತು. ಎರಡು ಗುಟುಕಿನಷ್ಟು ಕಪ್ಪು ರಸ, ಮೇಲೆ ಹೊಂಬಣ್ಣದ ತೆಳು ಕೆನೆ. ಆ ಕೆನೆ ಹಾಲಿನದಲ್ಲ, ಬೀಜದೊಳಗಿನ ಎಣ್ಣೆ ಮತ್ತು ಗಾಳಿಯದು. ‘ನಿಧಾನ ಇಳಿದ್ರೆ ಕಹಿ, ಬೇಗ ಇಳಿದ್ರೆ ಹುಳಿ, ಮಿಸ್’ ಎಂದಳು. ನಮ್ಮ ಮದುವೆಮನೆಗಳಲ್ಲಿ ಆ ಹೆಸರಿನಲ್ಲಿ ಕೊಡುತ್ತಿದ್ದುದು ಹಬೆಯಿಂದ ನೊರೆಯೆಬ್ಬಿಸಿದ ಹಾಲಿನ ಕಾಫಿ. ಆದರೆ ಅವ್ವನ ನಾಲಗೆಗೆ ಅವತ್ತು ತಾಕಿದ್ದು ಮೂರನೇ ನೀರಲ್ಲ ಎನ್ನುವುದಂತೂ ನಿಜ.

ಊರಿಗೆ ಬಂದ ಮರುದಿನ ಅಜ್ಜಿ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡು ಕೊಬ್ಬರಿ ಸಕ್ಕರೆ ಕೊಟ್ಟಳು.

‘ನಿಮ್ಮವ್ವ ಅಲ್ಲಿ ಭಾಳ ಹೊತ್ತು ಕಾಣ್ಲಿಲ್ಲ. ಎಲ್ಲಿದ್ಲು ಕೂಸೆ?’

‘ಕಾಫಿ ಮಷೀನಿನ ಹತ್ರ. ಆ ಮಾಮನ ಜತಿ ಮಾತಾಡ್ತಿದ್ಲು.’

‘ಏನಂತ?’

ನನಗೆ ಹಬೆಯ ವಿಷಯ ಹೇಳಲು ಬರಲಿಲ್ಲ. ಬಾಯ್ತುಂಬ ಕೊಬ್ಬರಿಯಿತ್ತು. ‘ಗೊತ್ತಿಲ್ಲ. ಅವ್ವ ನಗ್ತಿದ್ಲು’ ಎಂದೆ.

ಆ ಒಂದು ಮಾತು ಸಾಕಾಯಿತು. ಅವತ್ತು ಸಂಜೆ ಅಪ್ಪ ಕಚೇರಿಯಿಂದ ಬರುವುದನ್ನೇ ಕಾದು ಅಜ್ಜಿ ನಡುಮನೆಯಲ್ಲಿ ಆ ವಿಷಯ ಎತ್ತಿದಳು. ಪರಗಂಡಸಿನ ಮುಂದೆ ಹಲ್ಲು ಕಿರಿದಳೆಂದೂ, ಇಂಥವೆಲ್ಲ ಶುರುವಾಗುವುದೇ ಹೀಗೆಂದೂ, ದೊಡ್ಡ ಸೊಸೆಯೂ ಮೊದಮೊದಲು ಹೀಗೇ ನಗುತ್ತಿದ್ದಳೆಂದೂ ಹೇಳಿದಳು. ಅವ್ವ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು ಪೂರ್ತಿ ಕೇಳಿಸಿಕೊಂಡಳು. ಅಪ್ಪ ‘ನೋಡೋಣ’ ಎಂದರು. ಅವ್ವ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಅಂದಿನಿಂದ ಅವಳು ಬಾವಿಗೆ ಹೋದರೂ ಜತೆಗೆ ಗಂಗಕ್ಕ ಇರಬೇಕಾಯಿತು. ಅಂಗಡಿಗೆ ಅಪ್ಪ ಹೋಗತೊಡಗಿದರು. ಓಣಿಯ ತುದಿಯಲ್ಲಿ ಸೊರಬದ ಬಸ್ಸು ಹಾರ್ನ್ ಹಾಕಿದರೆ ಅವ್ವನ ಕೈ ಹಿಟ್ಟಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಉಳವಿಯಿಂದ ಕಾಗದ ಬಂತು. ಅವ್ವನ ಅಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾರೆ ಎಂದು ಸೋದರಮಾವ ಬರೆದಿದ್ದ. ಅಜ್ಜಿ ಕಾಗದ ಓದಿಸಿ ಕೇಳಿದಳು.

‘ಹೋಗಿ ನೋಡ್ಕಂಡು ಬಾ ಗಿರಿಜಾ. ಕೂಸು ಇಲ್ಲಿರ್ಲಿ.’

‘ಹೋದ್ರೆ ಇಬ್ರೂ ಹೋಗ್ತೀವಿ ಅತ್ತೆ.’

‘ಅದು ಆಗಂಗಿಲ್ಲ.’

‘ಹಂಗಾದ್ರೆ ನಾನೂ ಹೋಗಲ್ಲ.’

ಅವ್ವ ಎದುರು ಮಾತಾಡಿದ್ದು ಅದೇ ಮೊದಲು. ಎರಡನೇ ಕಾಗದ ಬಂತು, ಮೂರನೆಯದೂ ಬಂತು. ಅಜ್ಜಿ ಸೋಲಲಿಲ್ಲ, ಅವ್ವನೂ ಸೋಲಲಿಲ್ಲ. ನಡುವೆ ನಾನಿದ್ದೆ. ನಾನು ಇಲ್ಲದಿದ್ದರೆ ಅವ್ವ ಅವಳ ಅಪ್ಪನನ್ನು ನೋಡಿ ಬರಬಹುದಿತ್ತು ಎಂದು ನನಗೆ ಅರ್ಥವಾಗತೊಡಗಿತು. ಶಾಲೆಯಿಂದ ಬೇಕೆಂದೇ ತಡವಾಗಿ ಬರುತ್ತಿದ್ದೆ. ಒಂದು ದಿನ ಅಜ್ಜಿಗೆ, ‘ನಾನು ಓಡಿಹೋಗಂಗಿಲ್ಲ, ಅವ್ವನೂ ಓಡಿಹೋಗಂಗಿಲ್ಲ’ ಎಂದೆ. ಅಜ್ಜಿ ನನ್ನ ಗಲ್ಲ ಹಿಡಿದು, ‘ಅವರೂ ಹಂಗೇ ಅಂದಿದ್ರು’ ಎಂದಳು.

ಅವ್ವ ಕುಕ್ಕರಿಗೆ ಕೈಹಾಕಿದ್ದು ಆಗಲೇ. ಶನಿವಾರ ನನಗೆ ಬೆಳಗಿನ ಶಾಲೆ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಒಂದು ಗಂಟೆ ನಿದ್ದೆ ಹೋಗುತ್ತಿದ್ದಳು. ಬೆಳಿಗ್ಗೆ ಅಳೆದು ಕೊಟ್ಟ ಪುಡಿಯಲ್ಲಿ ಅವ್ವ ದಿನವೂ ಚಿಟಿಕೆ ಚಿಟಿಕೆ ಉಳಿಸಿ ಒಂದು ಟಾನಿಕ್ ಬಾಟಲಿಯಲ್ಲಿ ಕೂಡಿಟ್ಟಿದ್ದಳು. ನನ್ನನ್ನು ಸೈಕಲ್ ಶಾಪಿಗೆ ಕಳಿಸಿ ಗಾಳಿಪಂಪಿನ ಹಳೇ ರಬ್ಬರ್ ಪೈಪು ಒಂದು ಮೊಳ ತರಿಸಿದಳು. ಕುಕ್ಕರಿಗೆ ಎರಡು ಲೋಟ ನೀರು ಹಾಕಿ ಮುಚ್ಚಿ, ಸೀಟಿ ತೆಗೆದು, ಆ ಜಾಗಕ್ಕೆ ಪೈಪು ಸಿಕ್ಕಿಸಿ ದಾರದಿಂದ ಬಿಗಿದಳು. ಸೀಮೆಎಣ್ಣೆ ಸ್ಟೋವಿನ ಬತ್ತಿ ಏರಿಸಿ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಮೊದಲ ಸಲ ಹಾಲಿಗೆ ರಬ್ಬರಿನ ವಾಸನೆ ಹತ್ತಿತು. ಎರಡನೇ ವಾರ ಪೈಪನ್ನು ಮೊದಲೇ ಕುದಿಸಿಟ್ಟಳು, ಆದರೆ ತುದಿ ಆಳಕ್ಕೆ ಹೋಗಿ ಹಾಲು ಬರೀ ಬಿಸಿಯಾಯಿತು. ಮೂರನೇ ಶನಿವಾರ ಇಕ್ಕಳದಲ್ಲಿ ಪೈಪಿನ ತುದಿ ಹಿಡಿದು, ಹಾಲಿನ ಮೇಲ್ಮೈಗೆ ತಾಕಿಯೂ ತಾಕದ ಹಾಗೆ ಇಟ್ಟಳು. ಹಾಲು ಗೊರಗೊರ ಎಂದಿತು. ಚಿಕ್ಕ ಗುಳ್ಳೆ, ಇನ್ನೂ ಚಿಕ್ಕ ಗುಳ್ಳೆ, ಆಮೇಲೆ ಗುಳ್ಳೆಯೇ ಕಾಣದ ಬಿಳಿಯ ನೊರೆ ಮೇಲೆದ್ದಿತು. ನಾನು ಕಿರುಚದಂತೆ ಅವ್ವ ಮೊಣಕೈಯಿಂದ ನನ್ನ ಬಾಯಿ ಮುಚ್ಚಿದಳು. ಕೂಡಿಟ್ಟ ಪುಡಿಯ ಗಟ್ಟಿ ಡಿಕಾಕ್ಷನ್ನಿನ ಮೇಲೆ ಅದನ್ನು ಸುರಿದು, ಒಂದೇ ಲೋಟದಿಂದ ಇಬ್ಬರೂ ಸರದಿಯಲ್ಲಿ ಕುಡಿದೆವು. ಒಂದು ಗುಟುಕು ಅವಳು, ಒಂದು ಗುಟುಕು ನಾನು.

ಹೀಗೆ ಆರೇಳು ಶನಿವಾರ ನಡೆಯಿತು. ಆ ಗಂಟೆಯಲ್ಲಿ ಅವ್ವ ಬೇರೆಯೇ ಹೆಂಗಸಾಗಿರುತ್ತಿದ್ದಳು. ಹಬೆ ಕಣ್ಣಿಗೆ ಕಾಣುವುದಿಲ್ಲ, ನಾವು ನೋಡುವುದು ಅದು ತಣಿದ ಮೇಲಿನ ಹೊಗೆಯನ್ನು ಮಾತ್ರ ಎಂದು ಪೈಪಿನ ತುದಿಗೂ ಬಿಳುಪಿಗೂ ನಡುವಿನ ಖಾಲಿ ಜಾಗವನ್ನು ತೋರಿಸಿದವಳು ಅವಳೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಮುಂದೆ ಎಷ್ಟೋ ತರಗತಿಗಳಲ್ಲಿ ಅದೇ ಪಾಠವನ್ನು ಅಷ್ಟು ಚೆನ್ನಾಗಿ ಹೇಳಲು ಹೆಣಗಿದ್ದೇನೆ.

ಒಂದು ಶನಿವಾರ ಇನ್ನೂ ಕುಡಿಯುತ್ತಿರುವಾಗಲೇ ನಡುಮನೆಯಲ್ಲಿ ಅಜ್ಜಿ ಕೆಮ್ಮಿದಳು. ಅವ್ವ ಗಾಬರಿಯಾಗಿ ಸ್ಟೋವು ಆರಿಸಿ, ಪೈಪನ್ನು ಹಾಗೇ ಸುತ್ತಿ ಸೌದೆಯ ಸಂದಿಗೆ ತುರುಕಿದಳು. ಕೊನೆಯಲ್ಲಿ ಒಂದು ಸಲ ಊದಿಸಬೇಕಾದ್ದು ಉಳಿದುಹೋಯಿತು. ಒಳಗೆ ಎಳೆದುಕೊಂಡಿದ್ದ ಹಾಲು ಒಂದು ವಾರದಲ್ಲಿ ಒಣಗಿ ಗಟ್ಟಿಯಾಗಿತ್ತು. ಮುಂದಿನ ಶನಿವಾರ ಎಷ್ಟು ಹೊತ್ತಾದರೂ ಪೈಪಿನಿಂದ ಹಬೆ ಬರಲಿಲ್ಲ. ‘ದೂರ ಹೋಗು’ ಎಂದು ಅವ್ವ ನನ್ನನ್ನು ಹಿಂದಕ್ಕೆ ನೂಕಿ, ಸ್ಟೋವು ಆರಿಸಲು ಕೈ ಚಾಚಿದಳು. ಅಷ್ಟರಲ್ಲಿ ಮುಚ್ಚಳದ ಮೇಲಿನ ಸುರಕ್ಷಾ ಬಿರಡೆ ಪಟಾಕಿಯಂತೆ ಸಿಡಿದು ಹಂಚಿಗೆ ಬಡಿಯಿತು. ಅಡುಗೆಮನೆ ಬೆಳ್ಳಗಾಯಿತು. ಆ ಬಿಳುಪಿನೊಳಗಿಂದ ಅವ್ವ ನನ್ನ ಹೆಸರು ಕೂಗುತ್ತಿದ್ದಳು.

ಆಮೇಲೆ ಕೇಳಿದ್ದು ಅಜ್ಜಿಯ ದನಿ. ಒಳಗಿನಿಂದಲ್ಲ, ಬೀದಿಯಿಂದ. ತಲೆಗೆ ಸೆರಗೂ ಇಲ್ಲದೆ ಓಣಿಯ ನಡುವೆ ನಿಂತು, ‘ಯಾರಾದ್ರೂ ಬರ್ರಪ್ಪೋ, ನನ್ ಸೊಸಿ ಹೋದ್ಲು, ಬರ್ರಪ್ಪೋ!’ ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಗಂಗಕ್ಕ ಓಡಿ ಬಂದಳು. ಅವ್ವನ ಬಲ ಅಂಗೈ ಮತ್ತು ಮಣಿಕಟ್ಟು ಕೆಂಪಗೆ ಬೆಂದಿದ್ದವು. ಮುಖಕ್ಕೆ ಏನೂ ಆಗಿರಲಿಲ್ಲ. ಅಜ್ಜಿ ಅವಳನ್ನು ಹಿತ್ತಲಿಗೆ ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿ, ಆ ಕೈಯ ಮೇಲೆ ಚೊಂಬಿನ ಮೇಲೆ ಚೊಂಬು ತಣ್ಣೀರು ಹುಯ್ದಳು.

‘ಏನ್ ಮಾಡಕ್ ಹೋಗಿದ್ದೆ ತಾಯಿ?’

‘ಎಸ್ಪ್ರೆಸೊ ಕಾಫಿ.’

‘ಯಾರು ಹೇಳ್ಕೊಟ್ರು ಇದನ್ನ?’

‘ಹೊಸಬಾಳೆ ಮದುವೇಲಿ ಮಷೀನಿನವರು. ಅವತ್ತು ಇದನ್ನೇ ಕೇಳ್ತಿದ್ದೆ.’

ಅಜ್ಜಿಯ ಕೈಯ ಚೊಂಬು ನಿಂತಿತು.

‘ಇಷ್ಟೇನಾ?’

‘ಇಷ್ಟೇ.’

‘ಅವತ್ತೇ ಹೇಳ್ಬಾರ್ದಿತ್ತಾ?’

‘ನೀವು ನನ್ನ ಕೇಳ್ಲಿಲ್ಲ ಅತ್ತೆ. ಇವಳನ್ನ ಕೇಳಿದ್ರಿ.’

ಗಂಗಕ್ಕ ನೆಲ ನೋಡಿದಳು. ನಾನು ಹಿತ್ತಲ ಸೌದೆ ಒಟ್ಟಿನ ಮರೆಗೆ ಸರಿದೆ. ಅಜ್ಜಿ ಮತ್ತೆ ನೀರು ಹುಯ್ಯತೊಡಗಿದಳು, ಈ ಸಲ ನಿಧಾನವಾಗಿ. ಹಂಡೆ ಬರಿದಾಯಿತು. ಆಮೇಲೆ, ‘ಸೋಮವಾರ ನಿಮ್ಮಪ್ಪನ್ನ ನೋಡಕ್ಕೆ ಹೋಗು. ಕೂಸೂ ಬರ್ಲಿ’ ಎಂದಳು. ಅವ್ವ ಉತ್ತರಿಸುವ ಮೊದಲೇ, ‘ಬರ್ತೀಯಲ್ಲ?’ ಎಂದಳು. ಅಷ್ಟು ಸಣ್ಣ ದನಿ ಅಜ್ಜಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

‘ಮುಂದಿನ ಭಾನುವಾರ ಬರ್ತೀವಿ’ ಎಂದಳು ಅವ್ವ.

ಸೋಮವಾರ ಬಸ್ಸು ಶಿಕಾರಿಪುರ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. ‘ಅವ್ವಾ, ನೀನು ನಗ್ತಿದ್ದೆ ಅಂತ ನಾನೇ ಹೇಳಿದ್ದು.’

‘ನಗ್ತಿದ್ನಲ್ಲ. ನೀನೇನ್ ಸುಳ್ಳು ಹೇಳ್ಲಿಲ್ಲ’ ಎಂದು ಅವಳು ಕಿಟಕಿಯಾಚೆ ನೋಡಿದಳು. ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳುವ ಅಭ್ಯಾಸವಂತೂ ಅವತ್ತೇ ನನ್ನಿಂದ ಹೋಯಿತು.

ಉಳವಿಯಲ್ಲಿ ಅಜ್ಜ ಬದುಕಿದ್ದರು, ಆದರೆ ಎದ್ದು ಕೂರುವಂತಿರಲಿಲ್ಲ. ಅವ್ವನ ಕೈಯ ಬಟ್ಟೆ ಕಟ್ಟನ್ನು ನೋಡಿ, ‘ಎಂತ ಆಯ್ತೆ?’ ಎಂದರು. ‘ಕಾಫಿ ಮಾಡಕ್ಕೆ ಹೋಗಿ ಸುಟ್ಟುಕಂಡೆ ಅಪ್ಪಯ್ಯ’ ಎಂದಳು. ‘ಇಷ್ಟು ವರ್ಷ ಆತು ಮದುವೆಯಾಗಿ, ಇನ್ನೂ ಕಾಫಿ ಮಾಡಕ್ಕೆ ಬರದಿಲ್ವನೇ ನಿಂಗೆ’ ಎಂದು ಮಲಗಿದಲ್ಲೇ ನಕ್ಕರು. ಅವ್ವನೂ ನಕ್ಕಳು, ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆ ಆರು ದಿನ ಅವಳು ಎಡಗೈಯಿಂದಲೇ ಅವರಿಗೆ ಗಂಜಿ ಕುಡಿಸಿದಳು.

ಭಾನುವಾರ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಶಿಕಾರಿಪುರದ ಬಸ್ಸು ನಿಂತೇ ಇತ್ತು. ಪಕ್ಕದಲ್ಲಿ ಗುಡವಿಯ ಕಡೆ ಹೋಗುವುದೂ ನಿಂತಿತ್ತು. ಅವ್ವ ಎರಡನ್ನೂ ನೋಡಿ, ನನ್ನ ಕೈ ಹಿಡಿದು ಗುಡವಿಯ ಬಸ್ಸು ಹತ್ತಿದಳು. ಗುಡವಿಯ ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆಲ್ಲ ಬಿಳಿಯ ಹಕ್ಕಿಗಳಿದ್ದವು. ನಾನು ಎಣಿಸುತ್ತ ತಿರುಗಿ ನೋಡಿದರೆ ಅವ್ವ ಏರಿಯ ಮೇಲೆ, ಚೀಲವನ್ನು ತಲೆಗಿಟ್ಟುಕೊಂಡು ಮಲಗಿ ನಿದ್ದೆ ಹೋಗಿದ್ದಳು. ಬಯಲಿನಲ್ಲಿ, ಬಿಸಿಲಿನಲ್ಲಿ. ಅವಳು ಹಗಲು ಮಲಗಿದ್ದನ್ನು ಅಲ್ಲಿಯವರೆಗೆ ನಾನು ಕಂಡದ್ದೇ ಇರಲಿಲ್ಲ. ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು, ‘ಹುಷಾರಿಲ್ವನೇ ಅವರಿಗೆ?’ ಎಂದು ಕೇಳಿದಳು. ‘ಹುಷಾರಾಗೇ ಇದಾರೆ’ ಎಂದೆ. ಅವ್ವ ತಾನಾಗಿ ಏಳುವಷ್ಟರಲ್ಲಿ ನಮ್ಮ ಬಸ್ಸು ತಪ್ಪಿಹೋಗಿತ್ತು. ಹೊಸಬಾಳೆಯ ಚಿಕ್ಕಮ್ಮನ ಮನೆಯಲ್ಲಿ ಉಳಿದು ಸೋಮವಾರ ಮಧ್ಯಾಹ್ನ ಊರು ಸೇರಿದೆವು.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಊದಿದ್ದವು. ಅವ್ವನನ್ನು, ನನ್ನನ್ನು, ಮತ್ತೆ ಅವ್ವನನ್ನು ನೋಡಿದಳು.

‘ನಿನ್ನೆ ಬರ್ತೀನಿ ಅಂದಿದ್ದೆ.’

‘ಗುಡವಿಗೆ ಹೋಗಿದ್ವಿ ಅತ್ತೆ.’

‘ಗುಡವಿಗಾ? ಅಲ್ಲಿ ಯಾರಿದ್ದಾರೆ?’

‘ಯಾರೂ ಇಲ್ಲ.’

‘ಮತ್ಯಾಕೆ ಹೋಗಿದ್ದೆ?’

‘ಸುಮ್ನೆ’ ಎಂದಳು ಅವ್ವ.

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾವ ಹೆಂಗಸೂ ಸುಮ್ಮನೆ ಎಲ್ಲಿಗೂ ಹೋಗಿರಲಿಲ್ಲ. ಅಜ್ಜಿ ಆ ಮಾತನ್ನು ತನ್ನ ಬಾಯಲ್ಲೂ ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಳು.